‘ಟೋನ್ ವೀಕ್ ಆಗಿದೆ’: ಹಿಡಿ, ಬಸಿ, ಮೊಂಡು – ಯಾವ ಪದ ಎಲ್ಲಿಗೆ?

ಎಲ್ಲರಿಗೂ ನಮಸ್ಕಾರ.

ಹಳೆಯ ಎಲೆಕ್ಟ್ರಿಕ್ ಗಿಟಾರುಗಳ ರಿಪೇರಿ ಕುರಿತು ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ತಂತಿ, ಕತ್ತು, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಭಾಗ) ಎಲ್ಲ ಹೇಗೋ ಸಾಗಿದವು. ಟೋನ್ ಕಂಟ್ರೋಲಿನ (ಸದ್ದಿನ ಟ್ರೆಬಲ್, ಅಂದರೆ ಚೂಪಾದ ಮೇಲಿನ ಭಾಗವನ್ನು ಕಡಿಮೆ ಮಾಡುವ ನಾಬಿನ) ಅಧ್ಯಾಯಕ್ಕೆ ಬಂದಾಗ ಪದಗಳ ತಕರಾರು ಶುರುವಾಗಿದೆ. ‘ದುರ್ಬಲ ನಾದ ನಿಯಂತ್ರಕ’ ಎಂದು ಬರೆದು ಮುಗಿಸಬಹುದಿತ್ತು, ಆದರೆ ಅದನ್ನು ಓದಿ ಯಾರೂ ಸಾಲ್ಡರಿಂಗ್ ಐರನ್ ಕೈಗೆತ್ತಿಕೊಳ್ಳುವುದಿಲ್ಲ. ಹಾಗಾಗಿ ಪದಗಳಲ್ಲಿ ಆಸಕ್ತಿಯಿರುವ ಈ ಗುಂಪಿನಲ್ಲಿ ಕೇಳುತ್ತಿದ್ದೇನೆ. ವಿಷಯ ಗೊತ್ತಿಲ್ಲದವರಿಗೂ ತಿಳಿಯಲಿ ಎಂದು ಸ್ವಲ್ಪ ವಿವರವಾಗಿಯೇ ಬರೆದಿದ್ದೇನೆ.

ಗಿಟಾರ್ ತಂದವರೆಲ್ಲ ಹೇಳುವುದು ಒಂದೇ ಮಾತು: ‘ಟೋನ್ ವೀಕ್ ಆಗಿದೆ’. ಈ ‘ವೀಕ್’ ಎಂಬುದರೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ‘ಏನಾಗ್ತಿದೆ, ಸರಿಯಾಗಿ ಹೇಳಿ’ ಎಂದು ಮಾತಿಗೆಳೆದರೆ ಅದೇ ಜನ ಇಂಗ್ಲಿಷ್ ಬಿಟ್ಟು ಕನ್ನಡದ ಕ್ರಿಯಾಪದಗಳಿಗೆ ಇಳಿಯುತ್ತಾರೆ. ಆಗ ಅರ್ಧ ರೋಗನಿರ್ಣಯ ಅವರ ಬಾಯಲ್ಲೇ ಆಗಿಬಿಟ್ಟಿರುತ್ತದೆ. ಆ ಕ್ರಿಯಾಪದಗಳನ್ನೇ ಕೈಪಿಡಿಯ ಪರಿಭಾಷೆಯಾಗಿ ಬಳಸಬೇಕೆಂಬುದು ನನ್ನ ಆಸೆ.

ಮೊದಲನೆಯದು ‘ಟೋನ್ ಇಲ್ಲ’. ಫೆಂಡರ್ ಕಂಪನಿ 1954ರಲ್ಲಿ ತಂದ ಸ್ಟ್ರಾಟೊಕಾಸ್ಟರ್ ಗಿಟಾರಿನಲ್ಲಿ (ಚಿಕ್ಕದಾಗಿ ‘ಸ್ಟ್ರಾಟ್’) ಮೂರು ಪಿಕಪ್, ಮೂರು ನಾಬ್. ಒಂದು ನಾಬ್ ವಾಲ್ಯೂಮಿಗೆ, ಒಂದು ಕತ್ತಿನ ಕಡೆಯ ಪಿಕಪ್ಪಿನ ಟೋನಿಗೆ, ಇನ್ನೊಂದು ನಡುವಿನದರ ಟೋನಿಗೆ. ಬ್ರಿಜ್ (ತಂತಿಗಳು ಕೆಳಗೆ ಕೂರುವ ಕುದುರೆ) ಕಡೆಯ ಪಿಕಪ್ಪಿಗೆ ಟೋನೇ ಕೊಟ್ಟಿರಲಿಲ್ಲ. ಸ್ವಿಚ್ಚನ್ನು ಆ ಕಡೆ ಹಾಕಿಕೊಂಡು ಯಾವ ಟೋನ್ ನಾಬ್ ತಿರುಗಿಸಿದರೂ ಏನೂ ಆಗುವುದಿಲ್ಲ. ಅದು ಕೆಟ್ಟಿರುವುದಲ್ಲ, ಅದರ ವೈರಿಂಗೇ ಹಾಗೆ. ಇದಕ್ಕೆ ‘ಇಲ್ಲ’ ಎಂಬುದು ತಕ್ಕ ಪದ.

‘ಟೋನ್ ಹೋಗಿದೆ’ ಬೇರೆ. ಕರೆಂಟು ಹೋದಂತೆ, ನೆನ್ನೆ ಇತ್ತು, ಇವತ್ತಿಲ್ಲ. ಎಲ್ಲೋ ಕೊಂಡಿ ಕಳಚಿದೆ: ಡ್ರೈ ಸೋಲ್ಡರ್ (ಒಳಗೆ ಅಂಟದ ಬೆಸುಗೆ), ಟ್ರೆಬಲ್ಲಿಗೆ ದಾರಿ ಕೊಡುವ ಕಂಡೆನ್ಸರಿನ (ಕೆಪಾಸಿಟರಿನ) ಕಾಲು ಮುರಿದಿರುವುದು, ಪಾಟಿನ (ನಾಬಿನ ಕೆಳಗಿರುವ, ತಿರುಗಿಸಿದಂತೆ ರೋಧ ಬದಲಾಗುವ ಭಾಗ) ಒಳಗಿನ ಪಟ್ಟಿ ಸವೆದಿರುವುದು. ಹಳೆಯ ಸ್ಟ್ರಾಟಿನಲ್ಲಿ ಎರಡು ಟೋನ್ ನಾಬುಗಳಿಗೂ ಸೇರಿ ಒಂದೇ ಕಂಡೆನ್ಸರ್. ಆದ್ದರಿಂದ ಎರಡೂ ಒಟ್ಟಿಗೆ ‘ಹೋಗಿದ್ದರೆ’ ಗುಮಾನಿ ಕಂಡೆನ್ಸರಿನ ಮೇಲೆ, ಒಂದೇ ಹೋಗಿದ್ದರೆ ಆ ಪಾಟಿನ ಮೇಲೆ.

ಮೂರನೆಯದು ನನಗೆ ಬಹಳ ಇಷ್ಟವಾದ ಮಾತು: ‘ಟೋನ್ ಕೊನೇಲಿ ಹಿಡಿಯುತ್ತೆ’. ಬ್ರೇಕಿನ ಭಾಷೆ ಇದು. ಹತ್ತರಿಂದ ಮೂರರವರೆಗೆ ನಾಬ್ ತಿರುಗಿಸಿದರೂ ಸದ್ದಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಎರಡರ ಹತ್ತಿರ ಬಂದಾಗ ಧುತ್ತೆಂದು ಬದಲಾಗುತ್ತದೆ. ಸಾಮಾನ್ಯವಾಗಿ ಯಾರೋ ಹಿಂದೊಮ್ಮೆ ಪಾಟ್ ಬದಲಿಸುವಾಗ ಲಾಗ್ (ಮೆಲ್ಲಗೆ ಏರಿ ಆಮೇಲೆ ದಿಢೀರನೆ ಏರುವ) ಹಾಕುವ ಕಡೆ ಲೀನಿಯರ್ (ಒಂದೇ ಸಮ ಏರುವ) ಹಾಕಿರುತ್ತಾರೆ. 250 ಕಿಲೋ ಓಮಿನ ಲೀನಿಯರ್ ಪಾಟಿನಲ್ಲಿ ನಾಬ್ ಅರ್ಧಕ್ಕೆ ಬಂದಾಗಲೂ 125 ಕಿಲೋ ಓಮ್ ಉಳಿದಿರುತ್ತದೆ. ಕಿವಿಗೆ ಗೊತ್ತಾಗುವ ಬದಲಾವಣೆ ಶುರುವಾಗುವುದು ಅದಕ್ಕಿಂತ ಎಷ್ಟೋ ಕೆಳಗೆ. ಲಾಗ್ ಪಾಟಿನಲ್ಲಿ ಅರ್ಧ ತಿರುಗುವಷ್ಟರಲ್ಲಿ ಶೇ. 10–15ರಷ್ಟೇ ಉಳಿಯುವುದರಿಂದ ಬದಲಾವಣೆ ನಾಬಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಈಗಿನ ಪಾಟುಗಳ ಮೇಲೆ ಲಾಗಿಗೆ ‘ಎ’, ಲೀನಿಯರಿಗೆ ‘ಬಿ’ ಎಂಬ ಗುರುತಿರುವುದು ವಾಡಿಕೆ.

ನಾಲ್ಕನೆಯದು ‘ಹಿಡಿಯುತ್ತೆ, ಆದ್ರೆ ಸಾಲ್ದು’. ಇಲ್ಲಿ ಕಂಡೆನ್ಸರಿನ ಬೆಲೆ ನೋಡಬೇಕು (ದುಡ್ಡಿನ ಬೆಲೆಯಲ್ಲ, ಅದರ ಸಾಮರ್ಥ್ಯದ ಅಳತೆ; ಈ ‘ಬೆಲೆ’ಯೂ ಗೊಂದಲದ ಪದವೇ). ಆರಂಭದ ಸ್ಟ್ರಾಟುಗಳಲ್ಲಿ 0.1 ಮೈಕ್ರೋಫ್ಯಾರಡ್, ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರುಗಳಲ್ಲಿ 0.022. ಚಿಕ್ಕ ಬಿಲ್ಲೆ ಕಂಡೆನ್ಸರುಗಳ ಮೇಲೆ ಇದನ್ನು ಮೂರಂಕಿಯಲ್ಲಿ ಬರೆದಿರುತ್ತಾರೆ: ಮೊದಲೆರಡು ಅಂಕಿ ಹಾಗೇ, ಮೂರನೆಯದು ಎಷ್ಟು ಸೊನ್ನೆ ಎಂಬುದಕ್ಕೆ, ಲೆಕ್ಕ ಪೈಕೋಫ್ಯಾರಡಿನಲ್ಲಿ. 104 ಅಂದರೆ 0.1, 223 ಅಂದರೆ 0.022. ಕಣ್ಣು ತಪ್ಪಿ 223ರ ಜಾಗದಲ್ಲಿ 222 ಬಂದು ಕೂತರೆ ಹತ್ತನೇ ಒಂದು ಪಾಲು, 0.0022. ಗಿಟಾರಿನಲ್ಲಿ ನಾಬ್ ಪೂರ್ತಿ ಇಳಿಸಿದರೂ ‘ಸಾಲ್ದು’ ಎನಿಸುವುದು ಇದರಿಂದಲೇ ಇರಬಹುದು. ಕಂಡೆನ್ಸರ್ ಸರಿಯಾಗಿದ್ದೂ ತಂತಿಗಳು ಹಳತಾಗಿ ಸಪ್ಪೆಯಾಗಿದ್ದರೆ ಅದೂ ಹೀಗೇ ಕೇಳಿಸುತ್ತದೆ. ಕಳೆಯಬೇಕಾದ ಟ್ರೆಬಲ್ಲೇ ಇಲ್ಲದಿದ್ದಾಗ ಟೋನ್ ತಾನೆ ಏನು ಮಾಡೀತು?

ಈಗ ಪದಗಳ ಪ್ರಶ್ನೆ.

‘ಹಿಡಿ’ಯನ್ನೇ ಆರಿಸಿಕೊಳ್ಳುವ ಮನಸ್ಸಿದೆ. ಬ್ರೇಕ್ ಹಿಡಿಯುತ್ತಿಲ್ಲ, ಸ್ಕ್ರೂ ಹಿಡಿಯುತ್ತಿಲ್ಲ, ಪಲ್ಯಕ್ಕೆ ಉಪ್ಪು ಹಿಡಿದಿಲ್ಲ: ಎಲ್ಲ ಕಡೆಯೂ ‘ಆಗಬೇಕಾದ ಪರಿಣಾಮ ಆಗುತ್ತಿಲ್ಲ’ ಎಂಬ ಅರ್ಥ ಸೊಗಸಾಗಿ ಬರುತ್ತದೆ. ತೊಡಕಿರುವುದು ಸಂಗೀತದವರ ಜೊತೆ. ಅವರಿಗೆ ‘ಶ್ರುತಿ ಹಿಡಿಯುವುದು’ ಎಂಬುದು ರೂಢಿಯಾಗಿಬಿಟ್ಟಿದೆ, ‘ಟೋನ್ ಹಿಡಿಯುತ್ತಿಲ್ಲ’ ಎಂದರೆ ಗಿಟಾರು ಶ್ರುತಿಯಲ್ಲಿ ನಿಲ್ಲುತ್ತಿಲ್ಲ ಎಂದುಕೊಂಡು ಬಿರಡೆ ನೋಡಲು ಹೋಗುತ್ತಾರೆ. ‘ನಾಬ್ ಹಿಡಿಯುತ್ತಿಲ್ಲ’ ಎಂದರೆ ಈ ತೊಂದರೆ ತಪ್ಪೀತೇ? ಅಥವಾ ನಾಬೇ ಸಡಿಲವಾಗಿ ಸುಮ್ಮನೆ ಸುತ್ತುತ್ತಿದೆ ಎಂದಾಗಿಬಿಡುತ್ತದೆಯೇ?

ಎರಡನೆಯದು, ಟೋನ್ ಮಾಡುವ ಕೆಲಸಕ್ಕೆ ಏನನ್ನಬೇಕು ಎಂಬುದು. ಬಹಳ ಜನ ‘ಟೋನ್ ಇಳಿಸಿದರೆ ಬೇಸ್ ಜಾಸ್ತಿ ಆಗುತ್ತೆ’ ಎಂದುಕೊಂಡಿದ್ದಾರೆ. ಈ ಗಿಟಾರುಗಳಲ್ಲಿ ಬ್ಯಾಟರಿಯಿಲ್ಲ, ಏನನ್ನೂ ಜಾಸ್ತಿ ಮಾಡುವ ಶಕ್ತಿ ಆ ನಾಬಿಗಿಲ್ಲ. ಕಂಡೆನ್ಸರು ಮೇಲಿನ ಕಂಪನಗಳಿಗೆ ಸುಲಭದ ದಾರಿ, ಕೆಳಗಿನವಕ್ಕೆ ಕಷ್ಟದ ದಾರಿ. ನಾಬ್ ಇಳಿಸಿದಂತೆ ಆ ದಾರಿ ತೆರೆದು ಟ್ರೆಬಲ್ ಗ್ರೌಂಡಿಗೆ (ಸರ್ಕ್ಯೂಟಿನಲ್ಲಿ ಸದ್ದಾಗದೆ ಕಳೆದುಹೋಗುವ ಕಡೆಗೆ) ಹೋಗುತ್ತದೆ, ಉಳಿದದ್ದು ಆಂಪ್ಲಿಫೈಯರಿಗೆ ಹೋಗುತ್ತದೆ. ಅನ್ನದಿಂದ ಗಂಜಿ ಬಸಿದ ಹಾಗೆ. ‘ಟ್ರೆಬಲ್ ಬಸಿದುಹೋಗುತ್ತದೆ’ ಎಂದು ಬರೆದು ನೋಡಿದೆ, ಚೆನ್ನಾಗಿಯೇ ಕೂತಿತು. ಹೊಲದಲ್ಲಿ ಹೆಚ್ಚಾದ ನೀರಿಗೆ ‘ಬಸಿಗಾಲುವೆ’ ಎನ್ನುವುದೂ ಇದೇ ಅರ್ಥದಲ್ಲಿ: ಬೇಕೆಂದೇ ಮಾಡಿಕೊಟ್ಟ ದಾರಿ. ಇದರಿಂದ ಇನ್ನೊಂದು ಲಾಭವೂ ಇದೆ. 1950ರ ದಶಕದ ಕಾಗದದ ಕಂಡೆನ್ಸರುಗಳು ತೇವ ಹೀರಿ, ತಡೆಯಬೇಕಾದ ಡಿಸಿಯನ್ನೂ (ಒಂದೇ ದಿಕ್ಕಿಗೆ ಹರಿಯುವ ಕರೆಂಟನ್ನೂ) ಒಳಗೊಳಗೇ ಬಿಟ್ಟುಕೊಡುತ್ತವೆ. ಅದಕ್ಕೆ ‘ಸೋರಿಕೆ’. ಬೇಕಾಗಿ ಆಗುವುದು ಬಸಿಯುವುದು, ಬೇಡದೆ ಆಗುವುದು ಸೋರುವುದು. ಧಾರವಾಡದ ಕಡೆಯವರಿಗೆ ‘ಬಸಿ’ ಎಂದೊಡನೆ ಚಹಾದ ಕಪ್ಪು–ಬಶಿ ನೆನಪಾದೀತು ಎಂಬ ಸಣ್ಣ ಅಳುಕು ಮಾತ್ರ ಇದೆ.

ಟ್ರೆಬಲ್ ಬಸಿದಮೇಲೆ ಉಳಿದ ಸದ್ದು ಎಂಥದು? ‘ಮಂದ’ ಎಂದು ಬರೆದ ಕಡೆಯಲ್ಲೆಲ್ಲ ಹೊಡೆದುಹಾಕಿದ್ದೇನೆ, ಏಕೆಂದರೆ ಓದುವವರು ಅದನ್ನು ‘ಮಂದ್ರ’ದ ಪಕ್ಕ ಕೂರಿಸುತ್ತಾರೆ. ಟೋನ್ ನಾಬ್ ಸ್ಥಾಯಿಯನ್ನು ಮುಟ್ಟುವುದೇ ಇಲ್ಲ; ಷಡ್ಜ ಷಡ್ಜವಾಗಿಯೇ ಇರುತ್ತದೆ, ಅದರ ಮೊನೆ ಮಾತ್ರ ಹೋಗಿರುತ್ತದೆ. ಹಾಗಾಗಿ ‘ಮೊಂಡು’ ಎಂಬ ಪದ ಹಿಡಿಸಿತು. ಚೂಪು ಸದ್ದು, ಮೊಂಡು ಸದ್ದು. ಆದರೆ ನನ್ನ ಕರಡು ಓದಿದವರೊಬ್ಬರು ‘ಮೊಂಡು ಅಂದ್ರೆ ಬೈದ ಹಾಗಿದೆ’ ಎಂದರು. ಜಾಜ್ ನುಡಿಸುವವರು ಬೇಕೆಂದೇ ಟೋನ್ ಇಳಿಸಿಕೊಳ್ಳುತ್ತಾರೆ, ಅವರಿಗೆ ಅದು ದೋಷವಲ್ಲ. ಹೊಗಳಿಕೆಯೂ ತೆಗಳಿಕೆಯೂ ಅಲ್ಲದ ಪದ ಯಾರಿಗಾದರೂ ಹೊಳೆದರೆ ತಿಳಿಸಿ. ‘ಮೆದು’ ಹತ್ತಿರ ಬರುತ್ತದೆ, ಆದರೆ ಕೇಳುವವರಿಗೆ ವಾಲ್ಯೂಮ್ ಕಮ್ಮಿ ಎಂಬ ಭಾವನೆ ಕೊಡುತ್ತದೆ.

‘ಟೋನ್’ ಎಂಬುದಕ್ಕೇ ‘ನಾದ’ ಎನ್ನಬಾರದೇ ಎಂದು ಕೇಳುವವರಿದ್ದಾರೆ. ‘ಈ ವೀಣೆಗೆ ನಾದ ಚೆನ್ನಾಗಿದೆ’ ಎನ್ನುತ್ತೇವೆ. ಮರ, ತಂತಿ, ಕೈ ಎಲ್ಲ ಸೇರಿ ಹುಟ್ಟುವ ಗುಣ ಅದು. ಆ ಅರ್ಥದಲ್ಲಿ ಗಿಟಾರಿಗೂ ನಾದವಿದೆ. ನಾಬಿನ ಹೆಸರು ಮಾತ್ರ ‘ಟೋನ್’ ಎಂದೇ ಇರಲಿ, ಅದರ ಮೇಲೆ ಅಚ್ಚಾಗಿರುವುದೂ ಅದೇ. ‘ವಿಂಟೇಜ್’ ಎಂಬುದಕ್ಕೆ ‘ಪುರಾತನ’ ಬೇಡವೇ ಬೇಡ, ಶಾಸನ ಓದಿದ ಹಾಗಾಗುತ್ತದೆ. ‘ಹಳೇ ಕಾಲದ’ ಸಾಕು.

ಬಿಡಿಭಾಗಗಳ ವಿಷಯದಲ್ಲಿ ನಾನು ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಕಡೆಗಿದ್ದೇನೆ, ಪಾಠಪುಸ್ತಕದ ಕಡೆಗಲ್ಲ. ‘ಧಾರಕ ಕೊಡಿ’ ಎಂದರೆ ಅಂಗಡಿಯವರು ಮುಖ ನೋಡುತ್ತಾರೆ. ಕಂಡೆನ್ಸರ್ ಎಂದರೆ ಡಬ್ಬಿ ತೆಗೆಯುತ್ತಾರೆ. ಪಾಟಿಗೆ ಮಾತ್ರ ಅಲ್ಲೂ ತಮಾಷೆಯ ಹೆಸರು. ಯಾವುದಕ್ಕೆ ಹಾಕಿದರೂ ಅದು ‘ವಾಲ್ಯೂಮ್ ಕಂಟ್ರೋಲ್’. ‘ಟೋನಿಗೆ ಹಾಕೋ ವಾಲ್ಯೂಮ್ ಕಂಟ್ರೋಲ್ ಕೊಡಿ’ ಎಂದು ಕೇಳಬೇಕು! ಕೈಪಿಡಿಯಲ್ಲಿ ‘ಪಾಟ್’ ಎಂದೇ ಇಟ್ಟಿದ್ದೇನೆ. ಇನ್ನು ಗ್ರೌಂಡಿಗೆ ಇನ್ನೊಂದು ಹೆಸರಾದ ‘ಅರ್ಥ್’. ಕೊನೆಯ ಅರ್ಧಾಕ್ಷರ ಪೂರ್ತಿಯಾದರೆ ‘ಇಲ್ಲಿ ಅರ್ಥ ಸರಿಯಾಗಿ ಕೂತಿಲ್ಲ’ ಎಂದಾಗುತ್ತದೆ, ಈ ಗುಂಪಿನವರಿಗೆ ಖುಷಿಯಾದೀತು, ರಿಪೇರಿಗೆ ಕೂತವರಿಗಲ್ಲ. ಹಾಗಾಗಿ ‘ಗ್ರೌಂಡ್’.

ಇಷ್ಟೆಲ್ಲ ಪದಗಳನ್ನು ಹಾಕಿ ಬರೆದ ಒಂದು ತುಣುಕು ಇಲ್ಲಿದೆ, ಓದಿ ಎಡವಿದ ಕಡೆ ಗುರುತು ಹಾಕಿ:

“ಐರನ್ ಬಿಸಿ ಮಾಡುವ ಮೊದಲು ಎರಡು ಕ್ರೊಕೊಡೈಲ್ ಕ್ಲಿಪ್ಪಿನ ವೈರು, ಚೆನ್ನಾಗಿರುವ ಒಂದು 223 ಕಂಡೆನ್ಸರ್ ಇಟ್ಟುಕೊಳ್ಳಿ. ಟೋನ್ ನಾಬ್ ಪೂರ್ತಿ ಇಳಿಸಿ. ಹಳೆಯ ಕಂಡೆನ್ಸರಿನ ಎರಡೂ ಕಾಲಿಗೆ ಹೊಸದನ್ನು ಕ್ಲಿಪ್ಪಿನಿಂದ ಜೋಡಿಸಿ, ತಂತಿ ಮೀಟಿ. ಸದ್ದು ಮೊಂಡಾಯಿತೇ? ಹಳೆಯ ಕಂಡೆನ್ಸರ್ ಹೋಗಿದೆ. ಆಗಲಿಲ್ಲವೇ? ಪಾಟಿನ ಬೆನ್ನಿನಿಂದ ಜ್ಯಾಕಿನ ಗ್ರೌಂಡಿಗೆ ಒಂದು ವೈರು ಕೊಡಿ. ಈಗ ಹಿಡಿದರೆ ಬೆಸುಗೆ ಬಿಟ್ಟಿದೆ. ಇನ್ನೂ ಹಿಡಿಯದಿದ್ದರೆ ಪಾಟನ್ನೇ ನೋಡಿ. ಕಿತ್ತ ಭಾಗವನ್ನು ಎಸೆಯಬೇಡಿ. ಪಾಟಿನ ಬೆನ್ನ ಮೇಲಿನ ಅಂಕಿಯಲ್ಲಿ ಅದರ ಜಾತಕವಿದೆ. 1377633 ಎಂದಿದ್ದರೆ 137 ಎಂಬುದು ಸಿಟಿಎಸ್ ಕಂಪನಿ, 76 ಎಂಬುದು 1976, 33 ಎಂಬುದು ಆ ವರ್ಷದ ವಾರ. ಕೊಳ್ಳುವವರು ಮೊದಲು ನೋಡುವುದು ಅದನ್ನೇ.”

‘ಮೀಟಿ’ ಸರಿಯೇ, ‘ನುಡಿಸಿ’ ಎನ್ನಬೇಕೇ? ‘ಬೆಸುಗೆ ಬಿಟ್ಟಿದೆ’ ಎಂಬುದು ಡ್ರೈ ಸೋಲ್ಡರಿಗೆ ಸರಿಹೋಗುತ್ತದೆಯೇ? ಅಲ್ಲಿ ಬೆಸುಗೆ ಕಣ್ಣಿಗೆ ಬಿಟ್ಟಂತೆ ಕಾಣುವುದಿಲ್ಲ, ಒಳಗೆ ಅಂಟಿರುವುದಿಲ್ಲ ಅಷ್ಟೆ.

ಕೊನೆಯದಾಗಿ, ಲಾಗ್ ಮತ್ತು ಲೀನಿಯರ್ ಎಂಬ ಭೇದಕ್ಕೆ ನನ್ನಲ್ಲಿ ಯಾವ ಕನ್ನಡ ಪದವೂ ಇಲ್ಲ. ವಾಲ್ವ್ ರೇಡಿಯೋ ಕಾಲದ ಮೆಕ್ಯಾನಿಕ್ಕುಗಳ ಜೊತೆ ಕೂತು ಕೆಲಸ ಕಲಿತವರು, ಅಥವಾ ಮನೆಯಲ್ಲಿ ಅಂಥ ಹಿರಿಯರಿರುವವರು ಈ ಗುಂಪಿನಲ್ಲಿದ್ದಾರೆ. ಮೆಲ್ಲಗೆ ಏರಿ ಆಮೇಲೆ ದಿಢೀರನೆ ಏರುವ ಕಂಟ್ರೋಲಿಗೂ, ಒಂದೇ ಸಮ ಏರುವ ಕಂಟ್ರೋಲಿಗೂ ಅವರು ಅಂಗಡಿಯಲ್ಲಿ ಏನೆಂದು ಕೇಳುತ್ತಿದ್ದರು? ಅವರು ಹೇಳಿದ ಹಾಗೇ, ಊರಿನ ಹೆಸರಿನೊಂದಿಗೆ ಬರೆದು ಕಳಿಸಿ.