ಹಳೆ ಅಂಬಾಸಿಡರ್ ಹೆಡ್‌ಲೈಟಿಗೆ ರಿಲೇ: ಹಾಕಿಸಿಕೊಂಡವರ ಅನುಭವ

ಹಾಸನದಿಂದ, ಪ್ರಶ್ನೆ:

ಅಪ್ಪನ 1978ರ ಅಂಬಾಸಿಡರ್ ಮಾರ್ಕ್ 3 ಈಗ ನನ್ನ ಕೈಗೆ ಬಂದಿದೆ. ಹಗಲು ಓಡಿಸಲು ಏನೂ ತೊಂದರೆ ಇಲ್ಲ. ರಾತ್ರಿ ಮಾತ್ರ ಹೆಡ್‌ಲೈಟ್ ಹಳದಿಯಾಗಿ, ಮಂಕಾಗಿ ಉರಿಯುತ್ತದೆ. ಅರ್ಧ ಗಂಟೆ ಓಡಿಸಿದರೆ ಲೈಟಿನ ಸ್ವಿಚ್ ಚೆನ್ನಾಗಿಯೇ ಬಿಸಿಯಾಗುತ್ತದೆ. ಮೆಕ್ಯಾನಿಕ್ 100/90 ವ್ಯಾಟ್ ಬಲ್ಬ್ (ಹೈ ಬೀಮಿಗೆ 100, ಲೋ ಬೀಮಿಗೆ 90) ಹಾಕಿ ಅಂತಾರೆ. ಇನ್ನೊಬ್ಬರು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್, ಹಾಕಿಸಿ ಅಂದರು. ಈ ಕೆಲಸ ಮಾಡಿಸಿದವರು ದಯವಿಟ್ಟು ಹೇಳಿ. ಸಕಲೇಶಪುರದ ಕಡೆ ರಾತ್ರಿ ಓಡಾಟ ಜಾಸ್ತಿ ಇದೆ.

ಮೈಸೂರಿನಿಂದ:

ಸರ್, ಈಗಿರುವ ವೈರಿಗೆ 100/90 ಬಲ್ಬ್ ಹಾಕಲೇಬೇಡಿ. ನಾನು ಹಾಕಿ ಅನುಭವಿಸಿದ್ದೇನೆ. ಚಾರ್ಮಾಡಿ ಇಳಿಯುವಾಗ ಎದುರಿಗೆ ಲಾರಿ ಬಂತು ಅಂತ ಕಾಲಿನ ಡಿಪ್ಪರ್ (ಹೈ-ಲೋ ಬೀಮ್ ಬದಲಿಸುವ ಸ್ವಿಚ್) ಒತ್ತಿದೆ. ಎರಡೂ ಲೈಟ್ ಒಟ್ಟಿಗೇ ಹೋಯಿತು. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರು. ಗಾಡಿ ನಿಲ್ಲಿಸುವಷ್ಟರಲ್ಲಿ ಕೈಕಾಲು ನಡುಗುತ್ತಿತ್ತು. ಮರುದಿನ ಡಿಪ್ಪರ್ ಬಿಚ್ಚಿ ನೋಡಿದರೆ ಒಳಗಿನ ಪಾಯಿಂಟ್ ಸುಟ್ಟು ಕಪ್ಪಾಗಿತ್ತು.

ಯಾಕೆ ಹೀಗೆ ಅಂದರೆ, ಈ ಗಾಡಿಯಲ್ಲಿ ಬಲ್ಬಿನ ಕರೆಂಟ್ ಪೂರ್ತಿ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಕಾಲಿನ ಡಿಪ್ಪರಿಗೆ ಇಳಿದು, ಮತ್ತೆ ಮುಂದಕ್ಕೆ ಹೋಗುತ್ತದೆ. ಉದ್ದ ದಾರಿ, ತೆಳು ವೈರ್, ನಲವತ್ತು ವರ್ಷದ ಜಂಗು. 60 ವ್ಯಾಟಿನ ಎರಡು ಹೈ ಬೀಮಿಗೇ ಸುಮಾರು 10 ಆಂಪ್ ಬೇಕು. 100 ವ್ಯಾಟ್ ಹಾಕಿದರೆ 16 ದಾಟುತ್ತದೆ. ದಾರಿಯಲ್ಲೇ ವೋಲ್ಟೇಜ್ ಸೋರಿ ಸ್ವಿಚ್ಚನ್ನು ಕಾಯಿಸುತ್ತದೆ. ಬಲ್ಬಿಗೆ ವೋಲ್ಟೇಜ್ ಸ್ವಲ್ಪ ಕಮ್ಮಿಯಾದರೂ ಬೆಳಕು ತುಂಬಾ ಕಮ್ಮಿಯಾಗುತ್ತದೆ. ಶೇಕಡಾ 10 ವೋಲ್ಟೇಜ್ ಹೋದರೆ ಬೆಳಕು ಶೇಕಡಾ 30ರಷ್ಟು ಹೋಗುತ್ತದೆ. ನಿಮ್ಮ ಬಲ್ಬಿಗೆ ಊಟವೇ ಸರಿಯಾಗಿ ಸಿಗುತ್ತಿಲ್ಲ. ದೊಡ್ಡ ಬಲ್ಬ್ ಹಾಕಿ ಏನು ಮಾಡುತ್ತೀರಿ?

ರಿಲೇ ಹಾಕಿದರೆ ಈ ಉದ್ದ ದಾರಿಯಲ್ಲಿ ಬರೀ ಸೂಚನೆ ಓಡಾಡುತ್ತದೆ. ರಿಲೇಯನ್ನು ಆನ್ ಮಾಡುವ ಒಳಗಿನ ಕಾಯಿಲಿಗೆ ಅರ್ಧ ಆಂಪ್ ಕೂಡ ಬೇಡ. ಬಲ್ಬಿನ ಕರೆಂಟ್ ಬ್ಯಾಟರಿಯಿಂದ ನೇರ, ದಪ್ಪ ವೈರಿನಲ್ಲಿ, ಗಿಡ್ಡ ದಾರಿಯಲ್ಲಿ ಬರುತ್ತದೆ. ಈಗ ಸಿಗದ ಆ ಹಳೆ ಸ್ವಿಚ್ ಕೂಡ ಉಳಿಯುತ್ತದೆ. ನನಗೆ ಬೆಳಕಿಗಿಂತ ಅದೇ ದೊಡ್ಡ ಲಾಭ.

ನಾನು ಮಾಡಿದ್ದು ಹೀಗೆ. ಮೊದಲು ಬ್ಯಾಟರಿ ಕನೆಕ್ಷನ್ ತೆಗೆದೆ. ಲೋ ಬೀಮಿಗೆ ಒಂದು, ಹೈ ಬೀಮಿಗೆ ಒಂದು, 30 ಆಂಪಿನ ನಾಲ್ಕು ಪಿನ್ ರಿಲೇ. ಪಿನ್ನಿನ ಪಕ್ಕ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿ ಪಾಸಿಟಿವ್, 87ರಿಂದ ಬಲ್ಬಿಗೆ, 86ಕ್ಕೆ ಡಿಪ್ಪರಿನಿಂದ ಬರುವ ಹಳೆ ವೈರ್, 85 ಅರ್ತಿಗೆ, ಅಂದರೆ ಬ್ಯಾಟರಿ ನೆಗೆಟಿವ್‌ಗೆ ಸೇರಿದ ಗಾಡಿಯ ಬಾಡಿಗೆ. ಮೂಲ ವೈರಿಂಗ್ ಉಳಿದಿದ್ದರೆ ಲ್ಯೂಕಾಸ್ (ಗಾಡಿಯ ಎಲೆಕ್ಟ್ರಿಕಲ್ ಭಾಗಗಳ ಬ್ರಿಟಿಷ್ ಕಂಪನಿ) ಬಣ್ಣದ ಲೆಕ್ಕ ಹಿಡಿಯಿರಿ: ನೀಲಿ ಮೇಲೆ ಬಿಳಿ ಗೆರೆ ಹೈ ಬೀಮ್, ನೀಲಿ ಮೇಲೆ ಕೆಂಪು ಗೆರೆ ಲೋ ಬೀಮ್. ಆದರೂ ಟೆಸ್ಟ್ ಲ್ಯಾಂಪಿನಲ್ಲಿ ನೋಡದೆ ನಂಬಬೇಡಿ. ಇಷ್ಟು ವರ್ಷದಲ್ಲಿ ಎಷ್ಟು ಜನ ಕೈ ಹಾಕಿರುತ್ತಾರೋ.

ಬ್ಯಾಟರಿಯಿಂದ ರಿಲೇಗೆ 4 ಸ್ಕ್ವೇರ್ ಎಂಎಂ, ರಿಲೇಯಿಂದ ಬಲ್ಬಿಗೆ 2.5, ಕಾಯಿಲಿಗೆ 1 ಸಾಕು. ಗಾಡಿಗೆ ಅಂತಲೇ ಬರುವ, ಸಣ್ಣ ಎಳೆಗಳ ವೈರ್ ತೆಗೆದುಕೊಳ್ಳಿ. ರಿಲೇ, ಸಾಕೆಟ್, ಸೆರಾಮಿಕ್ ಹೋಲ್ಡರ್ ಎಲ್ಲಾ ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಂದೆ. ಜೋಡಿಸಿದ ಕಿಟ್ ಕೂಡ ಸಿಗುತ್ತದೆ. ಕೆಲವು ಕಿಟ್ಟಿನ ವೈರ್ ಹೊರಗೆ ದಪ್ಪ, ಒಳಗೆ ತಾಮ್ರ ಎರಡೇ ಎಳೆ ಅನ್ನುವ ಹಾಗಿರುತ್ತದೆ. ತುದಿ ಸುಲಿದು ನೋಡಿ ಕೊಳ್ಳಿ. ಕಿಟ್ ಹಾಕಿದರೆ ಬಲ್ಬುಗಳ ಹಳೆ ಪ್ಲಗ್ ಎರಡರಲ್ಲಿ ಒಂದು ಮಾತ್ರ ಬಳಕೆಯಾಗುತ್ತದೆ. ಇನ್ನೊಂದಕ್ಕೂ ಕರೆಂಟ್ ಬರುತ್ತಲೇ ಇರುತ್ತದೆ. ಅದನ್ನು ಚೆನ್ನಾಗಿ ಟೇಪ್ ಸುತ್ತಿ ಕಟ್ಟಿಬಿಡಿ.

ಫ್ಯೂಸಿನ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಿ. ಆ ಕಾಲದ ಬ್ರಿಟಿಷ್ ವಿನ್ಯಾಸದ ಗಾಡಿಗಳಲ್ಲಿ ಹೆಡ್‌ಲೈಟಿಗೆ ಫ್ಯೂಸೇ ಇರುತ್ತಿರಲಿಲ್ಲ. ಬ್ಯಾಟರಿಯಿಂದ ಹೊಸ ವೈರ್ ಎಳೆಯುವಾಗ ಫ್ಯೂಸ್ ಬೇಕೇ ಬೇಕು, ಅದೂ ಬ್ಯಾಟರಿಗೆ ಆದಷ್ಟು ಹತ್ತಿರ. ಆದರೆ ಎಲ್ಲದಕ್ಕೂ ಒಂದೇ ಫ್ಯೂಸ್ ಹಾಕಿದರೆ ಅದು ಹೋದ ದಿನ ಪೂರ್ತಿ ಕತ್ತಲೆ. ನಾನು ಲೋ ಬೀಮ್ ರಿಲೇಗೆ ಒಂದು, ಹೈ ಬೀಮ್ ರಿಲೇಗೆ ಒಂದು, 15 ಆಂಪಿನವು ಹಾಕಿದ್ದೇನೆ. ಒಂದು ಹೋದರೆ ಡಿಪ್ಪರ್ ಒತ್ತಿ ಇನ್ನೊಂದರಲ್ಲಿ ಮನೆ ಸೇರಬಹುದು. ಜೊತೆಗೆ ಒಂದು ರಿಲೇ, ನಾಲ್ಕು ಫ್ಯೂಸ್ ಗಾಡಿಯಲ್ಲೇ ಇಟ್ಟಿರುತ್ತೇನೆ.

ಪುತ್ತೂರಿನಿಂದ:

ಮೇಲೆ ಹೇಳಿದ್ದೆಲ್ಲಾ ಸರಿ. ಒಂದು ಸೇರಿಸುತ್ತೇನೆ: ರಿಲೇಗೆ ಮುಂಚೆ ಅರ್ತ್ ನೋಡಿ. ನಮ್ಮ ಕಡೆಯ ಮಳೆಗೆ ಮುಂದಿನ ಫೆಂಡರಿನ ಒಳಗೆಲ್ಲಾ ತುಕ್ಕು. ನಾನು ರಿಲೇ ಹಾಕಿಯೂ ಎಡಗಡೆ ಲೈಟ್ ಮಂಕೇ ಇತ್ತು. ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಅರ್ತ್ ವೈರ್ ಬಣ್ಣದ ಮೇಲೆ ಸ್ಕ್ರೂ ಮಾಡಿದ್ದರು. ಈಗ ಎರಡೂ ಬಲ್ಬಿನ ಅರ್ತನ್ನು 2.5 ವೈರಿನಲ್ಲಿ ಬ್ಯಾಟರಿ ನೆಗೆಟಿವ್ ತನಕ ತಂದಿದ್ದೇನೆ.

ಅಳೆಯುವುದು ಸುಲಭ. ಲೈಟ್ ಹಾಕಿಯೇ ಅಳೆಯಬೇಕು, ಬಲ್ಬ್ ಕಳಚಿ ನೋಡಿದರೆ ಎಲ್ಲಾ ಕಡೆ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್ ಮೇಲೆ, ಇನ್ನೊಂದು ಉರಿಯುತ್ತಿರುವ ಬಲ್ಬಿನ ಪಾಸಿಟಿವ್ ಪಿನ್ ಮೇಲೆ. ಬರುವ ಅಂಕಿಯೇ ಆ ದಾರಿಯ ನಷ್ಟ. ಹಾಗೇ ಅರ್ತ್ ಪಿನ್ನಿನಿಂದ ಬ್ಯಾಟರಿ ನೆಗೆಟಿವ್‌ಗೆ.

ರಿಲೇಯ ಪಿನ್ ಕೆಳಮುಖವಾಗಿ ಕೂರಿಸಿ, ನೀರು ನಿಲ್ಲುವುದಿಲ್ಲ. ತಗಡಿನ ತೂತಿನಲ್ಲಿ ವೈರ್ ಹೋಗುವ ಕಡೆ ರಬ್ಬರ್ ಗ್ರಾಮೆಟ್ ಮರೆಯಬೇಡಿ. ನಿಮ್ಮ ಗಾಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡಲು ಆಲ್ಟರ್ನೇಟರ್ ಬದಲು ಹಳೆ ಡೈನಮೋ ಇದ್ದರೆ ಇಂಜಿನ್ ಐಡಲಿಂಗ್‌ನಲ್ಲಿ ಲೈಟ್ ಸ್ವಲ್ಪ ಕುಗ್ಗುತ್ತದೆ, ಅದಕ್ಕೆ ರಿಲೇ ಮದ್ದಲ್ಲ. ಆ ಕಾಲದ ಲ್ಯೂಕಾಸ್ ಡೈನಮೋ ಜೋರಾಗಿ ತಿರುಗಿದರೂ 20 ಆಂಪ್ ಆಸುಪಾಸು. ರಿಲೇ ಹಾಕಿದ ಮೇಲೂ 100 ವ್ಯಾಟಿನ ಆಸೆ ಬಿಡಿ. ಎದುರಿನವರ ಕಣ್ಣೂ ಕಣ್ಣೇ ಅಲ್ವಾ?

ರಿಫ್ಲೆಕ್ಟರ್ ಬೆಳ್ಳಗೆ ಹೊಳೆಯುತ್ತಿದೆಯಾ ಅಂತಲೂ ನೋಡಿ. ಒಳಗೆ ಕಪ್ಪಾಗಿದ್ದರೆ ಏನು ಮಾಡಿದರೂ ಸುಮ್ನೆ.

ಹಾಸನದಿಂದ, ಎರಡು ವಾರದ ನಂತರ:

ಇಬ್ಬರಿಗೂ ತುಂಬಾ ಧನ್ಯವಾದ. ಹೇಳಿದ ಹಾಗೇ ಮೊದಲು ಅಳೆದೆ. ಇಂಜಿನ್ ಆಫ್, ಲೈಟ್ ಆನ್. ಬ್ಯಾಟರಿಯಲ್ಲಿ 12.4, ಬಲ್ಬಿನಲ್ಲಿ 10.5. ಪಾಸಿಟಿವ್ ದಾರಿಯಲ್ಲಿ 1.2 ಹೋಗುತ್ತಿತ್ತು, ಅರ್ತಿನಲ್ಲಿ 0.7. ಮೊದಲ ಭಾನುವಾರ ಬರೀ ಅರ್ತ್ ಸರಿಮಾಡಿದೆ, 0.1ಕ್ಕೆ ಇಳಿಯಿತು. ಅಷ್ಟಕ್ಕೇ ಬೆಳಕಿನಲ್ಲಿ ವ್ಯತ್ಯಾಸ ಕಂಡಿತು. ಎರಡನೇ ಭಾನುವಾರ ರಿಲೇ. ಹಳೆ ವೈರ್ ಎಲ್ಲೂ ಕತ್ತರಿಸಲಿಲ್ಲ, ಬೇಕಾದರೆ ಮೊದಲಿನ ಹಾಗೇ ಮಾಡಬಹುದು. ಈಗ ಒಟ್ಟು ನಷ್ಟ 0.3 ವೋಲ್ಟ್.

ಬಲ್ಬ್ ಅದೇ ಹಳೆ 60/55. ನಿನ್ನೆ ರಾತ್ರಿ ಸಕಲೇಶಪುರಕ್ಕೆ ಹೋಗಿ ಬಂದೆವು. ಅಪ್ಪ ಪಕ್ಕದಲ್ಲಿ ಕೂತಿದ್ದರು. ರಸ್ತೆಯ ಅಂಚಿನ ಬಿಳಿ ಗೆರೆ ಕಾಣ್ತಿದೆ ಕಣೋ ಅಂದರು. ಮನೆಗೆ ಬಂದು ಸ್ವಿಚ್ ಮುಟ್ಟಿ ನೋಡಿದೆ. ತಣ್ಣಗಿತ್ತು.