ತಂದೆಯವರು ಗ್ಲಾಕೋಮಾ ಹನಿಗಳನ್ನು ಸರಿಯಾಗಿ ಹಾಕಿಕೊಳ್ಳುತ್ತಿಲ್ಲ: ವೈದ್ಯರಿಗೆ ಹೇಳಬೇಕೇ?

ಪ್ರಶ್ನೆ: ವಿದ್ಯಾನಗರ ನಿವಾಸಿ, ದಾವಣಗೆರೆ

ನಮ್ಮ ತಂದೆಯವರಿಗೆ ಈಗ 68 ವರ್ಷ. ಇಲ್ಲಿನ ಎಪಿಎಂಸಿ ಪ್ರಾಂಗಣದ ದಲಾಲಿ ಮಂಡಿಯೊಂದರಲ್ಲಿ 30 ವರ್ಷ ಲೆಕ್ಕ ಬರೆದವರು. ಸಂಜೆಯ ಲೆಕ್ಕ ನಾಲ್ಕಾಣೆಯಷ್ಟು ತಾಳೆಯಾಗದಿದ್ದರೂ ಊಟಕ್ಕೆ ಏಳುತ್ತಿರಲಿಲ್ಲ ಎಂದು ಅಮ್ಮ ಈಗಲೂ ಹೇಳುತ್ತಾರೆ. ನಾಲ್ಕು ವರ್ಷಗಳ ಹಿಂದೆ ಕನ್ನಡಕದ ನಂಬರ್ ಬದಲಿಸಲು ಹೋದಾಗ ಅವರಿಗೆ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡದಿಂದ ಕಣ್ಣಿನ ನರ ಹಾಳಾಗುತ್ತಾ ಹೋಗುವ ಕಾಯಿಲೆ, ಇರುವುದು ಗೊತ್ತಾಯಿತು. ಅಂದಿನಿಂದ ರಾತ್ರಿ ಮಲಗುವ ಮುನ್ನ ಲ್ಯಾಟನೋಪ್ರೋಸ್ಟ್ ಹನಿಯನ್ನೂ, ಬೆಳಿಗ್ಗೆ ಮತ್ತು ಸಂಜೆ ಡಾರ್ಜೋಲಮೈಡ್ ಹನಿಯನ್ನೂ ಎರಡೂ ಕಣ್ಣುಗಳಿಗೆ ಬರೆದುಕೊಟ್ಟಿದ್ದಾರೆ.

ಕಳೆದ ತಿಂಗಳು ತೋರಿಸಿದಾಗ ಬಲಗಣ್ಣಿನ ಒಳಗಿನ ಪ್ರೆಷರ್ 24 ಇತ್ತು, ಸುತ್ತಲಿನ ನೋಟ ಎಷ್ಟು ಉಳಿದಿದೆ ಎಂದು ನೋಡುವ ಫೀಲ್ಡ್ ಟೆಸ್ಟ್ ಕೂಡ ಮೊದಲಿಗಿಂತ ಕೆಟ್ಟಿತ್ತು. ಎರಡು ಔಷಧಿಗಳಿಗೂ ಬಗ್ಗುತ್ತಿಲ್ಲವೆಂದು ವೈದ್ಯರು ಮೂರನೆಯ ಬಾಟಲಿ ಬರೆದು, ಇದಕ್ಕೂ ಇಳಿಯದಿದ್ದರೆ ಶಸ್ತ್ರಚಿಕಿತ್ಸೆಯ ವಿಚಾರ ಮಾಡಬೇಕಾಗುತ್ತದೆ ಎಂದರು. ಮನೆಗೆ ಬಂದು ಹೊಸ ಬಾಟಲಿಯನ್ನು ಇಡಲು ಬೀರು ತೆರೆದಾಗ ನನಗೆ ಕಂಡದ್ದು ಬೇರೆಯೇ ಕಥೆ. ರಾತ್ರಿಯ ಹನಿಯ ಬಾಟಲಿಯ ಬಿಲ್ಲು ಎರಡೂವರೆ ತಿಂಗಳ ಹಿಂದಿನದು, ಬಾಟಲಿ ಮಾತ್ರ ಇನ್ನೂ ಅರ್ಧ ತುಂಬಿದೆ. ಕೇಳಿದರೆ “ಹಾಕ್ಕೊಂಡೀನಿ ಬಿಡಪ್ಪ, ಕಣ್ಣು ಚೆನ್ನಾಗೇ ಕಾಣ್ತೈತಲ್ಲ” ಎನ್ನುತ್ತಾರೆ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಮಾತ್ರ ಹೊತ್ತು ಹೊತ್ತಿಗೆ, ಕೆಲವೊಮ್ಮೆ ಒಂದಕ್ಕೆ ಎರಡು ಹನಿ ಹಾಕಿಕೊಳ್ಳುತ್ತಾರೆ ಎಂದು ಅಮ್ಮ ಗುಟ್ಟಾಗಿ ಹೇಳಿದರು.

ಒಂದು ಪೈಸೆ ತಪ್ಪದ ಮನುಷ್ಯ ಹೀಗೇಕೆ ಮಾಡುತ್ತಾರೆ ಎಂಬುದು ನನಗೆ ತಿಳಿಯುತ್ತಿಲ್ಲ. ನಡುನಡುವೆ ತಪ್ಪಿದರೆ ನಿಜವಾಗಿಯೂ ಅಷ್ಟು ಹಾನಿಯಿದೆಯೇ? ವೈದ್ಯರ ಮುಂದೆ ನಾನಾಗಿಯೇ ಹೇಳಿಬಿಟ್ಟರೆ ಅವರಿಗೆ ಅವಮಾನ ಮಾಡಿದಂತಾಗುವುದಿಲ್ಲವೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ನೇತ್ರಾಧಿಕಾರಿ, ಚಿತ್ರದುರ್ಗ

ನಾನು ವೈದ್ಯನಲ್ಲ, ಆದರೆ ವೈದ್ಯರ ಪಕ್ಕದಲ್ಲಿ ಕುಳಿತು ಸಾವಿರಾರು ಜನರ ಕಣ್ಣಿನ ಒತ್ತಡ ಅಳೆದಿದ್ದೇನೆ. ನಿಮ್ಮ ತಂದೆಯವರು ವಿಚಿತ್ರವೇನೂ ಮಾಡುತ್ತಿಲ್ಲ. 1986ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪೈಲೋಕಾರ್ಪಿನ್ ಎಂಬ ಗ್ಲಾಕೋಮಾ ಹನಿ ಬಳಸುತ್ತಿದ್ದವರ ಬಾಟಲಿಗಳಲ್ಲಿ ಪ್ರತಿ ಬಳಕೆಯನ್ನೂ ದಾಖಲಿಸುವ ಸಣ್ಣ ಉಪಕರಣವನ್ನು ಅಡಗಿಸಿಟ್ಟಿದ್ದರು. ಬಾಯಿಮಾತಿನಲ್ಲಿ ಕೇಳಿದಾಗ ಅವರು ಹೇಳಿದ್ದು ಶೇಕಡಾ 97ರಷ್ಟು ಹನಿಗಳನ್ನು ಹಾಕಿಕೊಂಡಿದ್ದೇವೆ ಎಂದು; ಉಪಕರಣ ಹೇಳಿದ್ದು ಶೇಕಡಾ 76. ಆಸ್ಪತ್ರೆಗೆ ಬರುವ ಹಿಂದಿನ 24 ಗಂಟೆಗಳಲ್ಲಿ ಮಾತ್ರ ಹೆಚ್ಚುಕಡಿಮೆ ಎಲ್ಲರೂ ಶಿಸ್ತಿನ ಸಿಪಾಯಿಗಳಾಗಿದ್ದರು. 2009ರ ಇನ್ನೊಂದು ಅಧ್ಯಯನದಲ್ಲಿ 196 ಜನರಿಗೆ ಔಷಧಿಯನ್ನು ಉಚಿತವಾಗಿ ಕೊಟ್ಟು, ಬಳಕೆ ದಾಖಲಾಗುತ್ತದೆ ಎಂದು ಮೊದಲೇ ತಿಳಿಸಿದ್ದರೂ, ಮೂರು ತಿಂಗಳಲ್ಲಿ ಸುಮಾರು ಶೇಕಡಾ 45ರಷ್ಟು ಮಂದಿ ಮುಕ್ಕಾಲು ಪಾಲು ಹನಿಗಳನ್ನೂ ಹಾಕಿಕೊಂಡಿರಲಿಲ್ಲ. ದಿನಕ್ಕೆ ಒಂದೇ ಸಲದ ಔಷಧಿ, ಖರ್ಚಿಲ್ಲ, ನೋಡುವವರಿದ್ದಾರೆ, ಆದರೂ ಹೀಗೆ. ಆದ್ದರಿಂದ ಇದನ್ನು ಬರೀ ಸೋಮಾರಿತನವೆಂದು ಬಗೆಯಬೇಡಿ.

ಕಾಯಿಲೆಯ ಸ್ವಭಾವವೇ ಹಾಗಿದೆ. ಪೊರೆ ತೆಗೆಸಿಕೊಂಡವರಿಗೆ ಪಟ್ಟಿ ಬಿಚ್ಚಿದ ದಿನವೇ ಮೊಮ್ಮಕ್ಕಳ ಮುಖ ಬೆಳ್ಳಗೆ ಕಾಣುತ್ತದೆ. ಗ್ಲಾಕೋಮಾದಲ್ಲಿ ಹನಿ ಹಾಕಿದರೂ ದೃಷ್ಟಿ ಸುಧಾರಿಸುವುದಿಲ್ಲ, ಬಿಟ್ಟರೂ ನಾಳೆಯೇ ಮಂಜಾಗುವುದಿಲ್ಲ. ನೋಟ ಹೋಗುವುದು ಸಾಮಾನ್ಯವಾಗಿ ಬದಿಯಿಂದ; ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಕೊಡುವುದರಿಂದ ಪೇಪರ್ ಓದುವುದಕ್ಕೂ ಟಿವಿ ನೋಡುವುದಕ್ಕೂ ಬಹಳ ಕಾಲ ಅಡ್ಡಿಯಾಗುವುದಿಲ್ಲ. “ಚೆನ್ನಾಗೇ ಕಾಣ್ತೈತಲ್ಲ” ಎಂದು ನಿಮ್ಮ ತಂದೆಯವರು ಹೇಳುತ್ತಿರುವುದು ಸುಳ್ಳಲ್ಲ, ಆದರೆ ಅದು ನಡುವಿನ ನೋಟದ ಮಾತು. ಒಮ್ಮೆ ಸತ್ತ ಕಣ್ಣಿನ ನರದ ಎಳೆಗಳು ಮರಳಿ ಬರುವುದಿಲ್ಲ.

ನಡುನಡುವೆ ತಪ್ಪಿದರೆ ಏನು ಎಂದಿರಿ. ಎಂದೋ ಒಂದು ರಾತ್ರಿ ಮರೆತರೆ ಆಕಾಶ ಕಳಚಿ ಬೀಳುವುದಿಲ್ಲ. ಮರುದಿನದ ಹನಿಯನ್ನು ಮಾಮೂಲಿನಂತೆ ಹಾಕಿಕೊಂಡರಾಯಿತು. ಬಾಕಿ ತೀರಿಸುವಂತೆ ಎರಡು ಹಾಕಬಾರದು. ಲ್ಯಾಟನೋಪ್ರೋಸ್ಟನ್ನು ದಿನಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಹಾಕಿದರೆ ಅದರ ಪರಿಣಾಮವೇ ಕುಗ್ಗುವುದುಂಟು. ಆದರೆ ವಾರಕ್ಕೆ ಮೂರು ನಾಲ್ಕು ದಿನ ತಪ್ಪುವುದು ಬೇರೆ ವಿಷಯ. ಆರಂಭದ ಹಂತದ ಗ್ಲಾಕೋಮಾ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಸ್ವೀಡನ್ನಿನ ಪ್ರಯೋಗವೊಂದರಲ್ಲಿ, ಕಣ್ಣಿನ ಒತ್ತಡ ಪಾದರಸದ ಅಳತೆಯಲ್ಲಿ ಒಂದೊಂದು ಮಿಲಿಮೀಟರ್ ಇಳಿದಂತೆ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು ಶೇಕಡಾ 10ರಷ್ಟು ಕಡಿಮೆಯಾಗುತ್ತದೆ ಎಂದು ಕಂಡುಬಂದಿದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ವೈದ್ಯರು ಚೀಟಿಯಲ್ಲಿ ಬರೆದ ಎರಡು ಔಷಧಿಗಳೂ ಕಣ್ಣಿನೊಳಕ್ಕೆ ಹೋಗುತ್ತಿವೆ ಎಂಬ ನಂಬಿಕೆಯ ಮೇಲೆ 24 ಎಂಬ ಅಂಕಿಯನ್ನು ಓದುತ್ತಾರೆ. ನಿಜ ಗೊತ್ತಿಲ್ಲದಿದ್ದರೆ ಮೂರನೆಯ ಬಾಟಲಿ ಬರುತ್ತದೆ, ಬಳಿಕ ನಾಲ್ಕನೆಯದು, ಆಮೇಲೆ ಆಪರೇಷನ್ ಕೋಣೆ. ಹಿಂದಿನ ದಿನ ಹನಿ ಹಾಕಿಕೊಂಡು ಬರುವವರಲ್ಲಿ ಇದರ ತಿರುಗುಮುರುಗು ಆಟವೂ ಉಂಟು: ಒತ್ತಡ 16 ತೋರಿಸುತ್ತದೆ, ಫೀಲ್ಡ್ ಟೆಸ್ಟ್ ಮಾತ್ರ ಪ್ರತಿ ವರ್ಷ ಕೆಡುತ್ತಾ ಹೋಗುತ್ತದೆ, ವೈದ್ಯರು ಕಾರಣ ಹುಡುಕುತ್ತಾ ಕೂರುತ್ತಾರೆ. ಆದ್ದರಿಂದ ಹೇಳಲೇಬೇಕು, ಆದರೆ ನೀವಲ್ಲ, ಅವರೇ ಹೇಳುವಂತಾಗಬೇಕು. “ಸರಿಯಾಗಿ ಹಾಕುತ್ತೀರಾ?” ಎಂದು ಕೇಳಿದರೆ ಯಾರಾದರೂ ಹೌದೆಂದೇ ಹೇಳುತ್ತಾರೆ. ನಾನು “ಹೋದ ವಾರ ಎಷ್ಟು ದಿನ ತಪ್ಪಿತು?” ಎಂದು ಕೇಳುತ್ತಿದ್ದೆ. ತಪ್ಪುವುದು ಸಹಜವೆಂದು ನಾವೇ ಒಪ್ಪಿಕೊಂಡು ಕೇಳಿದಾಗ ನಿಜ ಹೊರಬೀಳುತ್ತಿತ್ತು. ಚಳ್ಳಕೆರೆ ಕಡೆಯ ಶೇಂಗಾ ಬೆಳೆಗಾರರೊಬ್ಬರು ಹೀಗೆ ಕೇಳಿದ ಮೇಲೆಯೇ ಬಾಯಿಬಿಟ್ಟದ್ದು: ಬಿತ್ತನೆಯ ಹೊತ್ತಿಗೆ ಕೈಯಲ್ಲಿದ್ದ ದುಡ್ಡೆಲ್ಲ ಬೀಜ ಗೊಬ್ಬರಕ್ಕೆ ಹೋಗುತ್ತಿತ್ತಂತೆ, ಮುಂದಿನ ಬಾಟಲಿ ಕೊಳ್ಳುತ್ತಿದ್ದದ್ದು ಕಾಯಿ ಮಾರಿದ ಮೇಲೆ.

ಉತ್ತರ 2: ಹೊಸದುರ್ಗದ ಮೇಷ್ಟ್ರು

ಮೇಲಿನ ಹಿರಿಯರು ಹೇಳಿದ್ದಕ್ಕೆ ರೋಗಿಯ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ. ನನಗೆ 57 ವರ್ಷ, ಆರು ವರ್ಷಗಳಿಂದ ಹನಿ ಹಾಕಿಕೊಳ್ಳುತ್ತಿದ್ದೇನೆ. ಮೊದಲ ಎರಡು ವರ್ಷ ನಾನೂ ಕಳ್ಳನೇ.

ಶುರುವಿನಲ್ಲಿ ಕಣ್ಣು ಕೆಂಪಾಗುತ್ತಿತ್ತು. ತರಗತಿಯಲ್ಲಿ ಮಕ್ಕಳು “ಸಾರ್, ಕಣ್ಣು ಬಂದೈತಾ?” ಎಂದು ಕೇಳುತ್ತಿದ್ದರು, ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು “ರಾತ್ರಿ ಸ್ವಲ್ಪ ಜಾಸ್ತಿ ಆಯ್ತೇನ್ರೀ ಮೇಷ್ಟ್ರೇ?” ಎಂದು ನಕ್ಕರು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ನನಗೆ ಆ ಮಾತು ಚುಚ್ಚಿದಷ್ಟು ಹನಿಯ ಉರಿಯೂ ಚುಚ್ಚಿರಲಿಲ್ಲ. ಅಂದಿನಿಂದ ಶಾಲೆಗೆ ರಜೆ ಇದ್ದ ದಿನಗಳ ಹಿಂದಿನ ರಾತ್ರಿ ಮಾತ್ರ ಹಾಕಿಕೊಳ್ಳತೊಡಗಿದೆ. ವೈದ್ಯರಿಗೆ ಹೇಳಿದ್ದು ಒಂದೂವರೆ ವರ್ಷದ ಮೇಲೆ. ಅವರು ಬೈಯಲಿಲ್ಲ, ಸಂರಕ್ಷಕ ರಾಸಾಯನಿಕವಿಲ್ಲದ ಬೇರೊಂದು ಹನಿಯನ್ನು ಬರೆದುಕೊಟ್ಟರು, ಕೆಂಪು ಬಹುಮಟ್ಟಿಗೆ ಇಳಿಯಿತು. ಇಷ್ಟಕ್ಕೆ ಒಂದೂವರೆ ವರ್ಷ ಕಳೆದೆನಲ್ಲ ಎಂಬ ವ್ಯಥೆ ಈಗಲೂ ಇದೆ. ನಿಮ್ಮ ತಂದೆಯವರ ಡಾರ್ಜೋಲಮೈಡ್ ಕಣ್ಣಿಗೆ ಉರಿಯುತ್ತದೆ, ಸ್ವಲ್ಪ ಹೊತ್ತಿನಲ್ಲೇ ಬಾಯೆಲ್ಲ ಕಹಿಯಾಗುತ್ತದೆ. ಬೆಳಗಿನ ಚಹಾ ಕೆಡುತ್ತದೆಂದು ಅದನ್ನು ಬಿಟ್ಟವರನ್ನು ನಾನು ಬಲ್ಲೆ. ಹನಿಯಿಂದ ಏನು ತೊಂದರೆಯಾಗುತ್ತಿದೆ ಎಂದು ಅವರನ್ನು ಒಮ್ಮೆಯಾದರೂ ಕೇಳಿದ್ದೀರಾ?

ಇನ್ನೊಂದು, ಹಾಕುವ ಬಗೆ. ಮೇಲೆ ನೋಡುತ್ತಾ ಬಾಟಲಿ ಒತ್ತಿದರೆ ಅರ್ಧಕ್ಕರ್ಧ ಹನಿಗಳು ಕೆನ್ನೆಗೆ ಬೀಳುತ್ತವೆ. ಬಿತ್ತೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಂದು, ಮತ್ತೊಂದು. ಹೀಗೆ ನನ್ನ ಬಾಟಲಿ 15 ದಿನಕ್ಕೇ ಖಾಲಿಯಾಗಿ, ತಿಂಗಳ ಉಳಿದ ದಿನಗಳು ಹಾಗೆಯೇ ಕಳೆಯುತ್ತಿದ್ದವು. ಈಗ ಮಂಚದ ಮೇಲೆ ಅಂಗಾತ ಮಲಗಿ, ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಜೇಬಿನಂತೆ ಮಾಡಿ, ಅದರೊಳಕ್ಕೆ ಒಂದೇ ಹನಿ ಬಿಡುತ್ತೇನೆ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಒಂದು ಹನಿಯೇ ಕಣ್ಣು ಹಿಡಿಯುವುದಕ್ಕಿಂತ ಹೆಚ್ಚು, ಎರಡನೆಯದು ಬರೀ ದಂಡ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಬೇಕು. ಔಷಧಿ ಗಂಟಲಿಗೆ ಇಳಿಯುವುದು ಕಡಿಮೆಯಾಗಿ ಕಹಿಯೂ ತಗ್ಗುತ್ತದೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಉತ್ತರ 3: ಮೆಡಿಕಲ್ ಶಾಪ್‌ನವರು, ದಾವಣಗೆರೆ

ಹಾಕಿಕೊಂಡರೋ ಇಲ್ಲವೋ ಎಂದು ಜಗಳವಾಡುವುದಕ್ಕಿಂತ ಬಾಟಲಿಯನ್ನೇ ಕೇಳಿ. ಲ್ಯಾಟನೋಪ್ರೋಸ್ಟಿನ 2.5 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 80 ಹನಿಗಳಿರುತ್ತವೆ. ಎರಡು ಕಣ್ಣಿಗೆ ರಾತ್ರಿ ಒಂದೊಂದರಂತೆ ತಿಂಗಳಿಗೆ 60. ಅಲ್ಲೊಂದು ಇಲ್ಲೊಂದು ಕೆಳಗೆ ಬಿದ್ದರೂ ಸೇರಿಸಿ ನಾಲ್ಕೈದು ವಾರಕ್ಕೆ ಖಾಲಿಯಾಗಬೇಕು. ತೆರೆದ ಆರು ವಾರಗಳ ಮೇಲೆ ಉಳಿದಿದ್ದರೂ ಎಸೆಯಬೇಕು, ಆದ್ದರಿಂದ ಬೀರುವಿನಲ್ಲಿರುವ ಆ ಬಾಟಲಿಯನ್ನು ಇನ್ನು ಬಳಸಬೇಡಿ. ಅಂಗಡಿಯಲ್ಲಿ ನಮಗೂ ಇದು ಗೊತ್ತಾಗುತ್ತದೆ: ತಿಂಗಳಿಗೊಮ್ಮೆ ಬರಬೇಕಾದವರು ಮೂರು ತಿಂಗಳಿಗೊಮ್ಮೆ ಬರುತ್ತಾರೆ, ಅದೂ “ನಾಳೆ ಡಾಕ್ಟ್ರ ಹತ್ರ ಹೋಗ್ಬೇಕು” ಎಂದು ಹೇಳುತ್ತಾ.

ಬೇಸಿಗೆಯ ವಿಷಯವೂ ಇದೆ. ಈ ಹನಿಯ ತೆರೆಯದ ಬಾಟಲಿಗಳಲ್ಲಿ ಹೆಚ್ಚಿನವನ್ನು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ತೆರೆದ ಮೇಲೆ 25 ಡಿಗ್ರಿಯವರೆಗೆ ಹೊರಗಿಡಬಹುದು. ನಮ್ಮೂರಿನ ಏಪ್ರಿಲ್‌ನಲ್ಲಿ 25 ಡಿಗ್ರಿ ಎಲ್ಲಿಂದ ತರುವುದು? ಫ್ರಿಜ್ಜಿನ ಬಾಗಿಲಲ್ಲಿಡಿ, ಫ್ರೀಜರಿನಲ್ಲಿ ಬೇಡ. ಸ್ಕೂಟರಿನ ಡಿಕ್ಕಿಯಲ್ಲಂತೂ ಮರೆತು ಬಿಡಬೇಡಿ. ದುಬಾರಿಯಾದರೆ ಜೆನೆರಿಕ್ ಬರೆದುಕೊಡಲು ವೈದ್ಯರನ್ನು ಕೇಳಿ, ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ಒಂದೇ ಬಾಟಲಿಯಲ್ಲಿ ಎರಡು ಔಷಧಿ ಸೇರಿದ ಹನಿಗಳೂ ಇವೆ, ಆದರೆ ಅವುಗಳಲ್ಲಿ ಹಲವದರಲ್ಲಿ ಟಿಮೊಲಾಲ್ ಎಂಬ ಔಷಧಿ ಇರುತ್ತದೆ. ಉಬ್ಬಸ ಇರುವವರು, ನಾಡಿ ನಿಧಾನವಾಗಿರುವವರು ಅದನ್ನು ಮೊದಲೇ ತಿಳಿಸಬೇಕು.

ಉತ್ತರ 4: ಹೊಳಲ್ಕೆರೆಯ ಓದುಗರು

ಹನಿಯ ಗೊಡವೆಯೇ ಬೇಡವೆಂದು ಲೇಸರ್ ಮಾಡಿಸಬಹುದಲ್ಲವೇ? ನಮ್ಮ ಅತ್ತೆಯವರಿಗೆ ಮಾಡಿಸುವ ಯೋಚನೆಯಿದೆ.

ಮರು ಉತ್ತರ: ನಿವೃತ್ತ ನೇತ್ರಾಧಿಕಾರಿ, ಚಿತ್ರದುರ್ಗ

ಕೇಳತಕ್ಕ ಪ್ರಶ್ನೆಯೇ. ಬ್ರಿಟನ್ನಿನಲ್ಲಿ 718 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲೇ ಎಸ್‌ಎಲ್‌ಟಿ ಎಂಬ ಲೇಸರ್ ಮಾಡಿಸಿಕೊಂಡವರಲ್ಲಿ ಶೇಕಡಾ 74ರಷ್ಟು ಮಂದಿಗೆ ಮೂರು ವರ್ಷಗಳವರೆಗೆ ಹನಿಯೇ ಬೇಕಾಗಲಿಲ್ಲ. ಆದರೆ ಅವರು ಹೊಸದಾಗಿ ಪತ್ತೆಯಾದ, ಅದುವರೆಗೆ ಚಿಕಿತ್ಸೆಯನ್ನೇ ಪಡೆಯದ ರೋಗಿಗಳು. ಎಲ್ಲ ಬಗೆಯ ಗ್ಲಾಕೋಮಾಕ್ಕೂ ಅದು ಹೊಂದುವುದಿಲ್ಲ, ಪರಿಣಾಮ ಕಾಲಕ್ರಮೇಣ ಕುಗ್ಗುತ್ತದೆ, ತಪಾಸಣೆಯಂತೂ ತಪ್ಪುವುದಿಲ್ಲ. ಅತ್ತೆಯವರ ಕಣ್ಣಿನ ಕೋನ, ಅಂದರೆ ಕಣ್ಣಿನೊಳಗಿನ ದ್ರವ ಹೊರಹೋಗುವ ಜಾಗ, ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ಮೊದಲು ವೈದ್ಯರಲ್ಲಿ ಕೇಳಿ.

ಪ್ರಶ್ನೆ ಕೇಳಿದವರಿಂದ, ಏಳು ವಾರಗಳ ಬಳಿಕ

ಎಲ್ಲರಿಗೂ ವಂದನೆಗಳು. ಮೆಡಿಕಲ್ ಶಾಪ್‌ನವರು ಕೊಟ್ಟ ಲೆಕ್ಕವನ್ನು ನಾನು ತಂದೆಯವರಿಗೆ ಓದಿ ಹೇಳಿದೆ, ಅಷ್ಟೇ, ಬೇರೇನೂ ಕೇಳಲಿಲ್ಲ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು, ಬಿಲ್ಲಿನ ತಾರೀಖು ನೋಡಿ, ಮನಸ್ಸಿನಲ್ಲೇ ಕೂಡಿ ಕಳೆದು, “ನೂರರ ಮೇಲೆ ಬಾಕಿ ಐತೆ” ಎಂದರು. ಆಮೇಲೆ ತಾವಾಗಿಯೇ ಹೇಳಿದರು: ಕೈ ನಡುಗುತ್ತದೆ, ಹನಿ ಎಲ್ಲಿ ಬಿತ್ತೆಂದು ತಿಳಿಯುವುದಿಲ್ಲ, ಬೆಳಗಿನದು ವಿಪರೀತ ಉರಿಯುತ್ತದೆ. ಅಮ್ಮನಿಗೆ ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ, ಸೊಸೆಯ ಮುಂದೆ ಕಣ್ಣರಳಿಸಿ ಮಲಗಿ ಹನಿ ಹಾಕಿಸಿಕೊಳ್ಳಲು ಸಂಕೋಚ, ನಾನು ಮನೆಗೆ ಬರುವಷ್ಟರಲ್ಲಿ ಅವರಿಗೆ ನಿದ್ದೆ. ಇದು ನಾಲ್ಕು ವರ್ಷ ನಮ್ಮ ಯಾರ ಗಮನಕ್ಕೂ ಬಂದಿರಲಿಲ್ಲ.

ಮುಂದಿನ ವಾರವೇ ವೈದ್ಯರ ಬಳಿ ಹೋದೆವು. ಅವರು ಕೇಳುವ ಮೊದಲೇ ತಂದೆಯವರು “ವಾರದಾಗೆ ಮೂರು ದಿನ ಹಾಕಿದ್ರೆ ಹೆಚ್ಚು” ಎಂದುಬಿಟ್ಟರು. ವೈದ್ಯರು ಮೂರನೆಯ ಬಾಟಲಿಯನ್ನು ಸದ್ಯಕ್ಕೆ ತಡೆಹಿಡಿದು, ಬೆಳಗಿನ ಹನಿಯನ್ನು ಬದಲಿಸಿ, ಆರು ವಾರ ಬಿಟ್ಟು ಬರಲು ಹೇಳಿದರು. ಈಗ ರಾತ್ರಿ ಊಟವಾದ ಕೂಡಲೇ, ಒಂಬತ್ತನೇ ತರಗತಿಯಲ್ಲಿರುವ ನನ್ನ ಮಗ ತಾತನಿಗೆ ಹನಿ ಹಾಕುತ್ತಾನೆ. ಎರಡು ಸಲ ತಪ್ಪಿದೆ, ಅದರಲ್ಲಿ ಒಂದು ಹೊನ್ನಾಳಿಯ ಮದುವೆಗೆ ಹೋಗಿದ್ದ ದಿನ. ನಿನ್ನೆ ಬಲಗಣ್ಣು 17, ಎಡಗಣ್ಣು 16 ಇತ್ತು. ಫೀಲ್ಡ್ ಟೆಸ್ಟಿನಲ್ಲಿ ಹೋದ ಭಾಗ ಹೋದಂತೆಯೇ ಇದೆ, ಮುಂದಿನ ಪರೀಕ್ಷೆ ನಾಲ್ಕು ತಿಂಗಳಿಗೆ. ತಂದೆಗಿದ್ದರೆ ಮಕ್ಕಳಿಗೂ ಅಪಾಯ ಹೆಚ್ಚೆಂದು ವೈದ್ಯರು ಹೇಳಿದ್ದರಿಂದ ನಾನೂ ಪರೀಕ್ಷೆ ಮಾಡಿಸಿಕೊಂಡೆ, ಸದ್ಯ ಏನೂ ಇಲ್ಲ. ಹರಿಹರದಲ್ಲಿರುವ ತಂಗಿ ಮುಂದಿನ ತಿಂಗಳು ಬರುತ್ತಾಳೆ, ಅವಳದು ಬಾಕಿ ಇದೆ.