ಅಪ್‌ಡೇಟ್: ಕಲಬುರಗಿಯಿಂದ ಆಗುಂಬೆ ಮಳೆಕಾಡಿಗೆ, ತಯಾರಿ ಎಲ್ಲಿಗೆ ಬಂತು

ಜುಲೈನಾಗ ಆಗುಂಬೆ ಕಾಡಿನ ಕಪ್ಪೆ ಸಮೀಕ್ಷೆಗೆ ಸ್ವಯಂಸೇವಕರಾಗಿ ಹೋಗೋರು ಏನೇನು ಒಯ್ಯಬೇಕು ಅಂತ ಕೇಳಿದ್ದೆ. ನೀವು ಹೇಳಿದ್ದರಲ್ಲಿ ನಿಂತದ್ದು, ಬಿದ್ದದ್ದು ಇಲ್ಲಿದೆ.

ಮೊದಲು ಜಿಗಣೆ (ಮಲೆನಾಡಿನವರ ಇಂಬಳ) ತಡೆಯೋ ಕಾಲುಚೀಲ. ಹೆಣೆದ ಸಾದಾ ಸಾಕ್ಸ್ ಉಪಯೋಗಿಲ್ಲ, ಸಂದಿಯಲ್ಲಿ ನುಸುಳ್ತಾವ. ಒತ್ತಾಗಿ ನೇಯ್ದ ಕಾಟನ್ ಬಟ್ಟೇನೇ ಬೇಕು. ಬಿಸಿಲಿಗೆ ಹಿಡಿದಾಗ ಬೆಳಕಿನ ಚುಕ್ಕಿ ಕಂಡರೆ ಆ ಬಟ್ಟೆ ಬಿಡ್ರಿ. ಈ ಬಟ್ಟೆ ಹಿಗ್ಗೋದಿಲ್ಲ. ಟೇಲರ್ ಪಾದದ ಅಳತೆ ಮಾತ್ರ ಹಿಡಿದರೆ ಹಿಮ್ಮಡಿ ಒಳಗೇ ಹೋಗಲ್ಲ. ಹಿಮ್ಮಡಿಯಿಂದ ಪಾದದ ಮೇಲಿನ ತನಕ ಸುತ್ತಳತೆ ತೆಗೆದು 2 ಇಂಚು ಸೇರಿಸಬೇಕು. ಹೊಲಿಗೆ ಅಂಚು ಹೊರಗಿರಲಿ, ಒಳಗಿದ್ದರೆ ಬೊಬ್ಬೆ ಏಳ್ತದ. ಪ್ಯಾಂಟು ಚೀಲದೊಳಗೆ, ಮೊಣಕಾಲ ಕೆಳಗೆ ಲಾಡಿ. ಗಂಬೂಟು ಒಂದು ಸೈಜ್ ದೊಡ್ಡದು.

ಜಿಗಣೆ ಕಚ್ಚಿದರೆ ಸುಡಬೇಡಿ, ಉಪ್ಪೂ ಬೇಡ. ಉಗುರಂಚಿನಿಂದ ಅದರ ಬಾಯಿ ಕಡೆ ಮೆಲ್ಲಗೆ ಸರಿಸಿ ಬಿಡಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡಲ್ಲ, ಗಾಯ ಒತ್ತಿ ಹಿಡಿದೇ ಇರಬೇಕು.

ಮಂಗನ ಕಾಯಿಲೆ ಬಗ್ಗೆ ಕೇಳಿದವರಿಗೆ: ಉಣುಗಿನಿಂದ ಬರೋ ಅದರ ಹಾವಳಿ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ. ಮಳೆಗಾಲದಲ್ಲಿ ಇಲಿ ಜ್ವರದ ಚಿಂತೆ ಜಾಸ್ತಿ. ಗಾಯ ಮುಚ್ಚಿಕೊಳ್ಳಿ, ಮಾತ್ರೆ ವಿಚಾರ ಹೊರಡೋ ಮುಂಚೆ ಡಾಕ್ಟರ್ ಹತ್ತಿರ ಮಾತಾಡಿ.

ನಮ್ಮ ಒಣ ಸೆಕೆಯ ರೂಢಿ ಅಲ್ಲಿ ಸಾಲದು: ತೇವದಲ್ಲಿ ಬೆವರು ಆರಲ್ಲ, ಮೈ ತಣಿಯಲ್ಲ. ಜೀನ್ಸ್ ಒಣಗೋದೇ ಇಲ್ಲ. ಲೆಕ್ಕ ಬರೆಯೋಕೆ ಪೆನ್ಸಿಲ್ಲೇ, ಶಾಯಿ ಹರಡ್ತದ.

ತೇವ ಹೀರೋ ಸಿಲಿಕಾ ಜೆಲ್ ಡಬ್ಬಿ ಇನ್ನೂ ತಗೊಂಡಿಲ್ಲ.